ಲೈಟ್ ಎಲ್ಲಿಡ್ಬೇಕು, ಎಷ್ಟು ದೂರ ಇಡ್ಬೇಕು? (ಪ್ರಶ್ನೋತ್ತರ)

ಪ್ರಶ್ನೆ (ಚಿಂತಾಮಣಿಯಿಂದ): ಅಣ್ಣಾ ನಮಸ್ಕಾರ. ಮದುವೆ ಫೋಟೋಗ್ರಫಿ ಈಗ ತಾನೇ ಸ್ವಂತಕ್ಕೆ ಶುರು ಮಾಡಿದೀನಿ, ಒಂದು ಫ್ಲ್ಯಾಶು, ಮೂರಡಿ ಸಾಫ್ಟ್‌ಬಾಕ್ಸು (ಬೆಳಕು ಮೆತ್ತಗಾಗೋಕೆ ಫ್ಲ್ಯಾಶ್‌ಗೆ ಹಾಕೋ ಬಿಳಿ ಬಟ್ಟೆ ಮುಖದ ಡಬ್ಬ), ಒಂದು ಸ್ಟ್ಯಾಂಡು ಇಷ್ಟೇ ಇರೋದು. ಛತ್ರದಲ್ಲಿ ಮನೆಯವರೆಲ್ಲ ಸ್ಟೇಜ್ ಮೇಲೆ ಸಾಲಾಗಿ ನಿಂತಾಗ ಸ್ಟ್ಯಾಂಡ್ ಎಡಗಡೆ ತುದೀಲಿ ಇಡ್ತೀನಿ, ಲೈಟ್ ಪಕ್ಕ ನಿಂತಿರೋ ದೊಡ್ಡಪ್ಪನ ಬಿಳಿ ಶರ್ಟು ಪೂರ್ತಿ ಬರ್ನ್, ಆ ತುದೀಲಿರೋ ಅತ್ತೆ ಮುಖ ಕತ್ತಲೆ. ಪವರ್ ಕಮ್ಮಿ ಮಾಡಿದ್ರೆ ಅತ್ತೆ ಕಾಣಲ್ಲ, ಜಾಸ್ತಿ ಮಾಡಿದ್ರೆ ದೊಡ್ಡಪ್ಪ ಕಾಣಲ್ಲ. ಒಂದೊಂದು ಮುಖಾನೂ ಎಡಿಟ್‌ನಲ್ಲಿ ಸರಿ ಮಾಡ್ತಾ ಕೂತ್ರೆ ಆಲ್ಬಂ ಕೊಡೋದು ಯಾವಾಗ? ಇನ್ನೊಂದು ಲೈಟ್ ತಗೊಳ್ಳೇಬೇಕಾ?

ಉತ್ತರ (ಸ್ಟುಡಿಯೋದವರು, ಚಿಕ್ಕಬಳ್ಳಾಪುರ): ತಮ್ಮಾ, ದುಡ್ಡು ಹಾಕೋ ಮೊದ್ಲು ಸ್ಟ್ಯಾಂಡ್ ಜಾಗ ಬದಲಾಯಿಸಿ ನೋಡು. ಪವರ್ ತಿರುಗಿಸಿದ್ರೆ ಇಬ್ರಿಗೂ ಒಟ್ಟಿಗೆ ಏರುತ್ತೆ ಒಟ್ಟಿಗೆ ಇಳಿಯುತ್ತೆ, ಇಬ್ರ ಮಧ್ಯ ಇರೋ ವ್ಯತ್ಯಾಸ ಹಂಗೇ ಇರುತ್ತೆ, ಯಾಕಂದ್ರೆ ಆ ವ್ಯತ್ಯಾಸ ಬಂದಿರೋದು ದೂರದಿಂದ. ಲೈಟ್‌ನಿಂದ ದೂರ ಎರಡರಷ್ಟಾದ್ರೆ ಬೆಳಕು ಅರ್ಧ ಆಗಲ್ಲ, ಕಾಲು ಭಾಗ ಆಗುತ್ತೆ, ಅಂದ್ರೆ ಎರಡು ಸ್ಟಾಪ್ ಹೋಯ್ತು (ಬೆಳಕು ಒಂದು ಸಲ ಅರ್ಧ ಆದ್ರೆ ಇಲ್ಲಾ ಎರಡರಷ್ಟಾದ್ರೆ ಅದು ಒಂದು ಸ್ಟಾಪ್). ಮೂರರಷ್ಟಾದ್ರೆ ಒಂಬತ್ತನೇ ಒಂದು ಭಾಗ. ನಿನ್ನ ದೊಡ್ಡಪ್ಪ ಲೈಟ್‌ಗೆ 6 ಅಡಿ ದೂರದಲ್ಲಿದ್ದು ಸಾಲು 12 ಅಡಿ ಉದ್ದ ಇದ್ರೆ ಅತ್ತೆ ಇರೋದು 18 ಅಡೀಲಿ, ಅಲ್ಲಿಗೆ ಮೂರು ಸ್ಟಾಪ್‌ಗಿಂತ ಜಾಸ್ತಿ ಹೊಡೆತ. ಇದನ್ನ ಯಾವ ಕ್ಯಾಮೆರಾ ಸೆಟ್ಟಿಂಗೂ ಸರಿ ಮಾಡಲ್ಲ.

ಅದೇ ಲೈಟನ್ನ ನಿನ್ನ ಹಿಂದೆ, ಸಾಲಿನ ನಡುವಿಗೆ ಎದುರಾಗಿ, 15 ಅಡಿ ಹಿಂದಕ್ಕೆ ತಗೊಂಡ್ ಹೋಗು. ಈಗ ನಡುವಿನವರಿಗೆ 15 ಅಡಿ, ತುದಿಯವರಿಗೆ 16 ಚಿಲ್ಲರೆ, ವ್ಯತ್ಯಾಸ ಕಾಲು ಸ್ಟಾಪ್ ಕೂಡ ಇಲ್ಲ. ಸ್ಟ್ಯಾಂಡ್ ಮಾತ್ರ ನಿನ್ನ ತಲೆಗಿಂತ ಚೆನ್ನಾಗಿ ಮೇಲಕ್ಕೆ ಏರ್ಸು, ಎರಡು ಸಾಲು ನಿಂತಿದ್ರೆ ಮುಂದಿನವರ ತಲೆ ನೆರಳು ಹಿಂದಿನವರ ಮುಖಕ್ಕೆ ಬೀಳಬಾರದು. ದೂರ ಹೋದ್ಮೇಲೆ ಬೆಳಕು ಸಾಲಲ್ಲ, 6 ಅಡಿಯಿಂದ 15ಕ್ಕೆ ಹೋದ್ರೆ ಹತ್ತಿರತ್ರ ಎರಡೂವರೆ ಸ್ಟಾಪ್ ಬೇಕಾಗುತ್ತೆ, 1/8 ಪವರ್‌ನಲ್ಲಿ ಇದ್ದಿದ್ರೆ ಹೆಚ್ಚುಕಮ್ಮಿ ಫುಲ್‌ಗೆ ಹೋಗ್ಬೇಕು, ಇಲ್ಲಾ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗು) ಸ್ವಲ್ಪ ಏರ್ಸಿ ಹಂಚ್ಕೋಬೇಕು. ಗ್ರೂಪ್ ಫೋಟೋದಲ್ಲಿ ಎಲ್ಲರ ಮುಖಾನೂ ಒಂದೇ ಥರ ಬಂದ್ರೆ ಸಾಕು, ಐಎಸ್‌ಒ ಏರಿಸಿದ್ದಕ್ಕೆ ಸ್ವಲ್ಪ ಗ್ರೇನ್ (ಮರಳು ಚೆಲ್ಲಿದಂಥ ಚುಕ್ಕೆ) ಬಂದ್ರೆ ಯಾರೂ ಕೇಳಲ್ಲ, ಅತ್ತೆ ಕಪ್ಪಾದ್ರೆ ಮನೆಯವರೆಲ್ಲ ಕೇಳ್ತಾರೆ.

ಪ್ರಶ್ನೆ (ಅವರೇ): ಅರ್ಥ ಆಯ್ತಣ್ಣ. ಆದ್ರೆ ಬಿಸಿಲಲ್ಲಿ ತೆಗೆದ್ರೆ ಎಷ್ಟು ಉದ್ದದ ಸಾಲಿದ್ರೂ ಈ ತೊಂದ್ರೆನೇ ಬರಲ್ವಲ್ಲ, ಅಲ್ಲೂ ಬೆಳಕು ಒಂದು ಕಡೆಯಿಂದಾನೇ ಬರೋದು.

ಉತ್ತರ: ಸೂರ್ಯ ಇರೋದು ಸುಮಾರು 15 ಕೋಟಿ ಕಿಲೋಮೀಟರ್ ದೂರ. ಅಷ್ಟು ದೂರದ ಮುಂದೆ 12 ಅಡಿ ಲೆಕ್ಕಕ್ಕೇ ಬರಲ್ಲ, ನಂದಿ ಬೆಟ್ಟದ ತುದಿಗೆ 1478 ಮೀಟರ್ ಎತ್ತರಕ್ಕೆ ಹೋಗಿ ನಿಂತ್ರೂ ಹತ್ರ ಆದಂಗಲ್ಲ. ಅದಕ್ಕೇ ತುದಿಯವರಿಗೂ ನಡುವಿನವರಿಗೂ ಒಂದೇ ಬೆಳಕು.

ಪ್ರಶ್ನೆ (ಗೌರಿಬಿದನೂರಿನಿಂದ): ಸರ್, ಹಾಗಾದ್ರೆ ಮದುಮಗಳು ಒಬ್ಳೇ ಇದ್ದಾಗ್ಲೂ ಲೈಟ್ ದೂರಾನೇ ಇಡೋದಾ? ದೂರ ಇಟ್ಟಷ್ಟೂ ಸಾಫ್ಟ್ ಆಗುತ್ತೆ ಅಂತ ಒಬ್ರು ಹೇಳಿದ್ರು, ನಂಗೆ ಮೂಗಿನ ನೆರಳು ಗೆರೆ ಎಳೆದಂಗೆ ಬರ್ತಿದೆ.

ಉತ್ತರ: ಅವರು ಹೇಳಿದ್ದು ಉಲ್ಟಾ ಮೇಡಂ, ಇದನ್ನ ಬಹಳ ಜನ ತಪ್ಪು ತಿಳ್ಕೊಂಡಿದಾರೆ ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ನೆರಳಿನ ಅಂಚು ಮೆತ್ತಗಾಗೋದು ಆ ಮುಖ ಇರೋ ಜಾಗದಿಂದ ನೋಡಿದ್ರೆ ಲೈಟ್ ಎಷ್ಟು ದೊಡ್ಡದಾಗಿ ಕಾಣುತ್ತೆ ಅನ್ನೋದರ ಮೇಲೆ. ಮೂರಡಿ ಸಾಫ್ಟ್‌ಬಾಕ್ಸ್ ಮೂರಡಿ ದೂರದಲ್ಲಿದ್ರೆ ದೊಡ್ಡದು, ಅದೇ ಬಾಕ್ಸ್ 15 ಅಡೀಲಿದ್ರೆ ತುಂಬಾ ಸಣ್ಣದು. ಸೂರ್ಯನ ಅಡ್ಡಗಲ 14 ಲಕ್ಷ ಕಿಲೋಮೀಟರ್ ಹತ್ರ ಇದೆ ಆದ್ರೂ ಮಧ್ಯಾಹ್ನದ ನೆರಳು ಕತ್ತರಿಸಿದಂಗೆ ಬೀಳಲ್ವಾ, ನಮ್ಮ ಕಣ್ಣಿಗೆ ಅದು ಅಷ್ಟು ಚಿಕ್ಕದು, ಮೋಡ ಅಡ್ಡ ಬಂದ ತಕ್ಷಣ ಇಡೀ ಆಕಾಶಾನೇ ಲೈಟ್ ಆಗಿ ನೆರಳು ಕರಗುತ್ತೆ. ಆದ್ರಿಂದ ಒಬ್ಳೇ ಹುಡುಗಿ ಇದ್ರೆ ಫ್ರೇಮ್‌ಗೆ ಬರದಷ್ಟು ಹತ್ರ ತನ್ನಿ.

ಹತ್ರ ತಂದ್ರೆ ಎರಡು ವಿಷ್ಯ ನೆನಪಿರ್ಲಿ. ಮುಖಕ್ಕೆ 3 ಅಡಿ, ಹಿಂದಿನ ಡೆಕೊರೇಷನ್‌ಗೆ 9 ಅಡಿ ಅಂದ್ರೆ ಹಿಂದಿನದು ಮೂರು ಸ್ಟಾಪ್ ಕಪ್ಪಗಾಗುತ್ತೆ. ಹೂವಿನ ಡೆಕೊರೇಷನ್‌ಗೆ ಅಷ್ಟು ಖರ್ಚು ಮಾಡಿದಾರೆ ಅದೂ ಕಾಣ್ಬೇಕು ಅಂದ್ರೆ ಲೈಟ್ 9 ಅಡಿಗೆ ಒಯ್ಯಿರಿ, ಡೆಕೊರೇಷನ್ 15 ಅಡಿ ಆಗುತ್ತೆ, ವ್ಯತ್ಯಾಸ ಒಂದೂವರೆ ಸ್ಟಾಪ್‌ಗೆ ಇಳಿಯುತ್ತೆ, ಮೆತ್ತನೆ ನೆರಳು ಸ್ವಲ್ಪ ಬಿಟ್ಟುಕೊಡ್ಬೇಕಾಗುತ್ತೆ. ಎರಡನೇದು, ಮೂರಡೀಲಿ ಲೈಟ್ ಇದ್ದಾಗ ಹುಡುಗಿ ಅರ್ಧ ಅಡಿ ಮುಂದೆ ಬಗ್ಗಿದ್ರೂ ಅರ್ಧ ಸ್ಟಾಪ್ ಏರುತ್ತೆ, ಒಂದು ಫೋಟೋ ಸರಿ ಒಂದು ಬರ್ನ್ ಅಂತ ಆಗೋದು ಇದಕ್ಕೇ. (ದೊಡ್ಡ ಸಾಫ್ಟ್‌ಬಾಕ್ಸ್ ತೀರಾ ಹತ್ರ ಇದ್ರೆ ಈ ಲೆಕ್ಕ ಕರಾರುವಾಕ್ಕಾಗಿ ಬರಲ್ಲ, ಬೆಳಕು ಇಳಿಯೋದು ಸ್ವಲ್ಪ ನಿಧಾನ.)

ಇನ್ನು ಲೈಟ್ ಇಡೋ ಕಡೆ. ಕ್ಯಾಮೆರಾ ಮೇಲಿಂದ ನೇರ ಹೊಡೆದ್ರೆ ಮೂಗು ಕೆನ್ನೆ ಎಲ್ಲ ಒಂದೇ ಮಟ್ಟ ಆಗಿ ಮುಖ ಚಪ್ಪಟೆ, ಛತ್ರದ ಸೀಲಿಂಗ್ ಲೈಟ್ ಒಂದನ್ನೇ ನಂಬಿದ್ರೆ ಕಣ್ಣು ಗುಂಡಿಗೆ ಬಿದ್ದಂಗೆ. ಪಕ್ಕಕ್ಕೆ 45 ಡಿಗ್ರಿ, ಕಣ್ಣಿಗಿಂತ ಸ್ವಲ್ಪ ಮೇಲೆ, ಅಲ್ಲಿಂದ ಶುರು ಮಾಡಿ. ಇನ್ನಷ್ಟು ಪಕ್ಕಕ್ಕೆ ಸರಿಸಿದ್ರೆ ಮೂಗಿನ ನೆರಳು ಕೆನ್ನೆ ನೆರಳಿಗೆ ಸೇರಿ ಆ ಕಡೆ ಕಣ್ಣಿನ ಕೆಳಗೆ ಬೆಳಕಿನ ತ್ರಿಕೋನ ಉಳಿಯುತ್ತೆ, 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಹೆಸರಲ್ಲಿ ಕರೆಯೋ ಲೈಟಿಂಗ್ ಅದೇ. ಆದ್ರೆ ಮುಹೂರ್ತದ ಹೊತ್ತಿಗೆ ಹುಷಾರು, ಹಣೆಗೆ ಬಾಸಿಂಗ ಕಟ್ಟಿರ್ತಾರೆ, ಲೈಟ್ ಎತ್ತರ ಇದ್ರೆ ಬಾಸಿಂಗದ ನೆರಳು ನೇರ ಕಣ್ಣಿನ ಮೇಲೆ. ಆಗ ಸ್ಟ್ಯಾಂಡ್ ಕಣ್ಣಿನ ಮಟ್ಟಕ್ಕೆ ಇಳಿಸಿ, ಕರಿ ಗುಡ್ಡೇಲಿ ಲೈಟಿನ ಚುಕ್ಕಿ ಕಾಣೋವರೆಗೂ ಇಳಿಸ್ತಾ ಬನ್ನಿ. ಆ ಚುಕ್ಕಿ ಇಲ್ದಿದ್ರೆ ಎಷ್ಟು ನಗ್ತಿದ್ರೂ ಮುಖಕ್ಕೆ ಕಳೆ ಬರಲ್ಲ.

ಪ್ರಶ್ನೆ (ಶಿಡ್ಲಘಟ್ಟದಿಂದ): ಸರ್ ನಾನು ಫೋಟೋಗ್ರಾಫರ್ ಅಲ್ಲ, ನಮ್ದು ರೇಷ್ಮೆ ಬೆಳೆ. ಬೈವೋಲ್ಟೀನ್ ತಳಿ ಹುಳದ ಬಿಳಿ ಗೂಡಿನ ಫೋಟೋ ಮೊಬೈಲಲ್ಲಿ ತೆಗೆದು ಕಳಿಸಿದ್ರೆ ಬರೀ ಬಿಳಿ ಉಂಡೆ ಥರ ಕಾಣ್ತಾವೆ. ಗೂಡು ಗಟ್ಟಿಯಾಗಿ ಚೆನ್ನಾಗಿ ಬಂದಿದೆ, ಅದು ಫೋಟೋದಲ್ಲಿ ಗೊತ್ತಾಗ್ಬೇಕು.

ಉತ್ತರ: ಗೂಡಿನ ಗಟ್ಟಿತನ ಕೈಯಲ್ಲಿ ಒತ್ತಿ ನೋಡೋರಿಗೇ ಗೊತ್ತಾಗೋದು, ಆದ್ರೆ ಮೈ ಮೇಲಿನ ಸುಕ್ಕು, ಆಕಾರ ಖಂಡಿತ ತೋರಿಸ್ಬಹುದು. ಮೊದ್ಲು ಮೊಬೈಲ್ ಫ್ಲ್ಯಾಶ್ ಆಫ್ ಮಾಡಿ, ಅದು ಲೆನ್ಸ್ ಪಕ್ಕದಲ್ಲೇ ಇರೋದ್ರಿಂದ ಸುಕ್ಕಿನ ನೆರಳೆಲ್ಲ ಸುಕ್ಕಿನ ಹಿಂದೇನೇ ಅಡಗುತ್ತೆ. ಒಂದು ಹಿಡಿ ಗೂಡು ಕಪ್ಪು ಬಟ್ಟೆ ಮೇಲೆ ಹರಡಿ, ಬಾಗ್ಲ ಪಕ್ಕ ಎರಡಡಿ ಒಳಗೆ ಇಡಿ, ನೇರ ಬಿಸಿಲು ಬೀಳಬಾರದು, ಬರೀ ಹೊರಗಿನ ಬೆಳಕು ಪಕ್ಕದಿಂದ ಗೂಡನ್ನ ಸವರ್ಕೊಂಡು ಹೋಗ್ಬೇಕು. ಆಗ ಒಂದೊಂದು ಸುಕ್ಕಿಗೂ ಒಂದು ಕಡೆ ಬೆಳಕು ಒಂದು ಕಡೆ ನೆರಳು ಬಿದ್ದು ಗೂಡು ಗುಂಡಗೆ ಎದ್ದು ಕಾಣುತ್ತೆ. ಆ ಕಡೆ ತೀರಾ ಕಪ್ಪಾದ್ರೆ ಒಂದು ಥರ್ಮಾಕೋಲ್ ಶೀಟ್ ನಿಲ್ಲಿಸಿ, ಹತ್ರ ತಂದಷ್ಟೂ ನೆರಳು ತಿಳಿಯಾಗುತ್ತೆ. ಚಂದ್ರಿಕೆ (ಹುಳ ಗೂಡು ಕಟ್ಟೋಕೆ ಬಿಡೋ ತಟ್ಟೆ) ಮೇಲಿರೋ ಗೂಡಿಗೂ ಇದೇ, ಚಂದ್ರಿಕೆನೇ ಬಾಗ್ಲ ಪಕ್ಕಕ್ಕೆ ಒರಗಿಸಿ ತಿರುಗಿಸ್ತಾ ನೋಡಿ.

ಪ್ರಶ್ನೆ (ಬಾಗೇಪಲ್ಲಿಯಿಂದ): ತಾತನ ಕನ್ನಡಕದಲ್ಲಿ ಸಾಫ್ಟ್‌ಬಾಕ್ಸ್ ಬಿಳಿ ಚೌಕ ಬರ್ತಿದೆ ಸರ್, ತೆಗೆಸಿದ್ರೆ ಅವರು ಅವರ ಥರಾನೇ ಕಾಣಲ್ಲ.

ಉತ್ತರ: ತೆಗೆಸ್ಬೇಡಿ. ಬೆಳಕು ಗಾಜಿಗೆ ಯಾವ ಕೋನದಲ್ಲಿ ಬೀಳುತ್ತೋ ಅದೇ ಕೋನದಲ್ಲಿ ಆಚೆ ಹೋಗುತ್ತೆ, ಆ ದಾರೀಲಿ ನಿಮ್ಮ ಲೆನ್ಸ್ ಇದೆ ಅಷ್ಟೇ. ಲೈಟ್ ಇನ್ನೊಂದು ಅಡಿ ಮೇಲಕ್ಕೆ, ಸ್ವಲ್ಪ ಪಕ್ಕಕ್ಕೆ, ಆಮೇಲೆ ತಾತನಿಗೆ ಗದ್ದ ಒಂಚೂರು ಕೆಳಗೆ ಮಾಡಿ ಅಂತ ಹೇಳಿ. ಆಗ್ಲೂ ಉಳಿದ್ರೆ ಕನ್ನಡಕದ ಕಡ್ಡಿ ಕಿವಿ ಮೇಲೆ ಸ್ವಲ್ಪ ಎತ್ತಿ ಕೂರಿಸಿ, ಗಾಜು ಕೆಳಕ್ಕೆ ಬಾಗುತ್ತೆ, ಚೌಕ ಹೋಗುತ್ತೆ.