ಬಾಡಿಗೆಗೆ ಪಡೆದು ನೋಡಬೇಕಾದ, ಮರೆತುಹೋದ ಹಳೆಯ ಚಿತ್ರಗಳು

ಪ್ರಶ್ನೆ: ಎಲ್ಲರೂ ಹೆಸರಿಸುವ ಹಳೆಯ ಚಿತ್ರಗಳನ್ನು ಈಗಾಗಲೇ ನೋಡಿದ್ದೇನೆ. ಹೆಚ್ಚು ಜನರ ಗಮನಕ್ಕೆ ಬಾರದ, ಆದರೂ ಬಾಡಿಗೆ ಕೊಟ್ಟು ನೋಡಲೇಬೇಕಾದ ಚಿತ್ರಗಳನ್ನು ದಯವಿಟ್ಟು ಸೂಚಿಸುವಿರಾ?

ಉತ್ತರ 1: ಲಿಯೋ ಮೆಕ್‌ಕ್ಯಾರಿ ನಿರ್ದೇಶನದ ‘ಮೇಕ್ ವೇ ಫಾರ್ ಟುಮಾರೊ’ (1937) ಚಿತ್ರವನ್ನು ತಪ್ಪದೆ ನೋಡಿ. ಮನೆ ಕಳೆದುಕೊಂಡ ವೃದ್ಧ ದಂಪತಿಯನ್ನು ಮಕ್ಕಳು ಬೇರೆ ಬೇರೆ ಕಡೆ ಇರಿಸುವ ಈ ಕಥೆಯಲ್ಲಿ ಯಾರೂ ದುಷ್ಟರಲ್ಲ. ಕೊನೆಯ ಭಾಗದಲ್ಲಿ ಅವರಿಬ್ಬರೂ ನಗರದಲ್ಲಿ ಒಟ್ಟಿಗೆ ಕಳೆಯುವ ಕೆಲವೇ ಗಂಟೆಗಳನ್ನು ನೋಡುವಾಗ ಪ್ರತಿ ಸಲವೂ ನನ್ನ ಕಣ್ಣು ತುಂಬುತ್ತದೆ. ಅದೇ ವರ್ಷದ ಇನ್ನೊಂದು ಚಿತ್ರಕ್ಕೆ ಆಸ್ಕರ್ ಬಂದಾಗ, ಪ್ರಶಸ್ತಿ ಸಲ್ಲಬೇಕಾಗಿದ್ದುದು ಇದಕ್ಕೆ ಎಂಬರ್ಥದ ಮಾತನ್ನು ಮೆಕ್‌ಕ್ಯಾರಿಯವರೇ ಹೇಳಿದ್ದರು.

ಉತ್ತರ 2: ನನ್ನ ಆಯ್ಕೆ ಬಿಲ್ಲಿ ವೈಲ್ಡರ್ ಅವರ ‘ಏಸ್ ಇನ್ ದ ಹೋಲ್’ (1951). ಗುಹೆಯಲ್ಲಿ ಸಿಲುಕಿದವನ ರಕ್ಷಣೆಯನ್ನು ಸುದ್ದಿಗಾಗಿ ವಿಳಂಬಗೊಳಿಸುವ ಪತ್ರಕರ್ತನ ಕಥೆಯಿದು, ಬಿಡುಗಡೆಯಾದಾಗ ಸೋತಿತ್ತು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಮೊದಲು ವೃದ್ಧ ದಂಪತಿಯ ಚಿತ್ರವನ್ನೇ ನೋಡುತ್ತೇನೆ.