ಕಾದಂಬರಿಯ ನಾಯಕ ಸುಮ್ಮನೆ ನೋಡ್ತಾ ನಿಂತಿರ್ತಾನೆ, ಏನು ಮಾಡೋದು?

ಕರಡುಪ್ರತಿ:
ಕರಡು 60,000 ಪದ, 24 ಅಧ್ಯಾಯ. ಬಸವನಗುಡಿಯ ಹಳೇ ಮನೆ. ಅಪ್ಪ ತೀರಿಕೊಂಡ ಮೇಲೆ ಅದನ್ನ ಬಿಲ್ಡರ್‌ಗೆ ಕೊಡಬೇಕೋ ಬೇಡವೋ ಅನ್ನೋದೇ ಕಥೆ. ಹಿರಿಮಗ ರಘು ನಾಯಕ, ಬಿಲ್ಡರ್ ಖಳ, ಒಟ್ಟು 11 ಪಾತ್ರ. ರಘು ಏನೂ ಮಾಡಲ್ಲ, 8ನೇ ಅಧ್ಯಾಯದಿಂದ ಎಳೆಯುತ್ತೆ ಅಂತ ಓದಿದವರ ದೂರು.

ಚಾಮರಾಜಪೇಟೆ:
ಬಿಲ್ಡರ್‌ಗೆ ಈ ಮನೆ ಸಿಗದಿದ್ರೆ ಪಕ್ಕದ ರಸ್ತೇದು. ಕಳ್ಕೊಳ್ಳೋಕೆ ಏನೂ ಇಲ್ಲದವನು ಎದುರಾಳಿ ಆಗಲ್ಲ. ಅಪ್ಪ ವಿಲ್ ಬರೆಯದೆ ಹೋಗಿದ್ರೆ ಸ್ವಯಾರ್ಜಿತ (ಅವರೇ ದುಡಿದು ಮಾಡಿದ) ಮನೇಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಒಬ್ಬರು ಸಹಿ ಹಾಕದಿದ್ರೂ ಕೆಲಸ ನಿಂತಿತು. ಆ ಒಬ್ಬರು ಯಾರೋ, ಅವರೇ ನಿಮ್ಮ ಎದುರಾಳಿ. ಕೆಟ್ಟವರಾಗಿರಬೇಕಿಲ್ಲ, ರಘು ದಾರೀಲಿ ಅಡ್ಡ ನಿಂತಿದ್ರೆ ಸಾಕು.

ಬದುಕಿರಲೇಬೇಕು ಅಂತಾನೂ ಇಲ್ಲ. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರೀಲಿ (1965) ನಾರಣಪ್ಪ ಶುರುವಿನಲ್ಲೇ ಸತ್ತಿರ್ತಾನೆ. ಆದರೂ ನಾಯಕ ಪ್ರಾಣೇಶಾಚಾರ್ಯರನ್ನ ಇಕ್ಕಟ್ಟಿಗೆ ನೂಕೋದು ಆ ಹೆಣವೇ. ಪಾತ್ರದ ಸ್ಥಾನ ಗುಣದಿಂದ ಬರಲ್ಲ, ಕಥೇಲಿ ಅದು ಮಾಡೋ ಕೆಲಸದಿಂದ ಬರುತ್ತೆ.

ಕಥೆಕಟ್ಟೆ:
ರಘು 15,000 ಪದದ ಹೊತ್ತಿಗೆ ವಾಪಸ್ ತಗೊಳ್ಳೋಕಾಗದ ಒಂದು ಕೆಲಸ ಮಾಡಿರಬೇಕು. ಉದಾಹರಣೆಗೆ, ಮನೆಯವರಿಗೆ ಹೇಳದೆ ಅಡ್ವಾನ್ಸ್ ಇಸ್ಕೊಂಡು ಸಾಲ ತೀರಿಸಿಬಿಡಲಿ. 30,000ಕ್ಕೆ ಗುಟ್ಟು ಒಡೆಯಲಿ. ಇಷ್ಟಾದ್ರೆ 8ನೇ ಅಧ್ಯಾಯ ತಾನಾಗೇ ಓಡುತ್ತೆ, ಯಾಕಂದ್ರೆ ಓದುಗನಿಗೆ ಗೊತ್ತಿರೋದು ಅಮ್ಮನಿಗೆ ಗೊತ್ತಿರಲ್ಲ.

ಎಲ್ಲಿ ಜೋಲುತ್ತೆ ಅಂತ ಹುಡುಕೋಕೆ: ಅಧ್ಯಾಯಕ್ಕೊಂದು ಚೀಟಿ, ಚೀಟಿಗೊಂದೇ ವಾಕ್ಯ. ಎರಡು ಚೀಟಿ ನಡುವೆ 'ಅದಕ್ಕೇ' ಅಥವಾ 'ಆದರೆ' ಕೂತರೆ ಸರಿ. ಬರೀ 'ಆಮೇಲೆ' ಮೂರು ಸಲ ಸಾಲಾಗಿ ಬಂದ್ರೆ ಅಲ್ಲೇ ರೋಗ. ಈ ಲೆಕ್ಕ ಸಣ್ಣಕಥೆಗೆ ಹಾಕ್ಬೇಡಿ, ಉಸಿರುಗಟ್ಟುತ್ತೆ.

ಒತ್ತಕ್ಷರ:
11 ಜನ ಜಾಸ್ತಿ ಏನಲ್ಲ, ಆದರೆ ಪ್ರತಿಯೊಬ್ಬರನ್ನೂ ತೆಗೆದು ನೋಡಿ. ಯಾವ ನಿರ್ಧಾರವೂ ಬದಲಾಗದಿದ್ರೆ ಆ ಪಾತ್ರದ ಮಾತುಗಳನ್ನ ಇನ್ನೊಬ್ಬರಿಗೆ ಕೊಟ್ಟುಬಿಡಿ. ಬುದ್ಧಿ ಹೇಳೋಕೆ ಮಾತ್ರ ಬರೋ ಪಕ್ಕದ್ಮನೆ ಮೇಷ್ಟ್ರು ಇದ್ರೆ ಮೊದಲು ಅವರು.

ಕನ್ನಡದಲ್ಲಿ ಇನ್ನೊಂದು ತೊಡಕು. ಸೋದರತ್ತೆ, ಹೆಂಡತಿ ತಾಯಿ, ಮಾವನ ಹೆಂಡತಿ, ಎಲ್ಲರೂ 'ಅತ್ತೆ'ನೇ. ನಿರೂಪಣೇಲಿ ಹೆಸರು ಹಿಡೀರಿ, ಸಂಬಂಧ ಸಂಭಾಷಣೇಲಿ ಬರಲಿ. ಅಪ್ಪನಿಗೆ 'ಅವನು' ಅಂತೀರೋ 'ಅವರು' ಅಂತೀರೋ ಮೊದಲೇ ತೀರ್ಮಾನ ಮಾಡಿ. ಅಲ್ಲಿವರೆಗೂ 'ಅವರು' ಅಂತಿದ್ದ ರಘು ಒಂದು ಕಡೆ 'ಅವನು' ಅಂದ್ರೆ ಅದೇ ಒಂದು ಘಟನೆ, ತಪ್ಪಿ ಬಿದ್ರೆ ಪ್ರೂಫ್ ದೋಷ.

ಕರಡುಪ್ರತಿ:
ಥ್ಯಾಂಕ್ಸ್. ಮೇಷ್ಟ್ರು ಇದ್ದಾರೆ, ಸಿಕ್ಕಿಬಿದ್ದೆ! ತಂಗಿನೂ ಇದ್ದಾಳೆ, ಆದರೆ ಅಮೆರಿಕದಲ್ಲಿ, ಎರಡು ಫೋನ್ ಕಾಲ್ ಅಷ್ಟೇ.

ಚಾಮರಾಜಪೇಟೆ:
ಜಿಪಿಎ (ತನ್ನ ಪರವಾಗಿ ಸಹಿ ಹಾಕೋಕೆ ಕೊಡೋ ಅಧಿಕಾರಪತ್ರ) ಕಳಿಸ್ತೀನಿ ಅಂತ ತಂಗಿ ಮೊದಲ ಕಾಲ್‌ನಲ್ಲಿ ಹೇಳಲಿ. ರಘು ಅದನ್ನೇ ನಂಬಿ ಅಡ್ವಾನ್ಸ್ ತಗೊಳ್ಳಲಿ. 12ನೇ ಅಧ್ಯಾಯದಲ್ಲಿ ಜಿಪಿಎ ಬದಲು ಅವಳೇ ಸೂಟ್‌ಕೇಸ್ ಹಿಡಿದು ಬರಲಿ.