ಕುಡಿದವರ ಕೈಯಲ್ಲಿ ಕೋವಿ: ಕಾನೂನಿನ ನಿಲುವೇನು, ಮನೆಯವರು ಏನು ಮಾಡಬಹುದು?

ಪ್ರಶ್ನೆ

ನಮ್ಮ ದೊಡ್ಡಪ್ಪನವರ ಬಳಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಗೆಯ ಕೋವಿಯಿದೆ. ತೋಟದಲ್ಲಿ ಅದನ್ನು ಬಹಳ ಎಚ್ಚರದಿಂದ ಬಳಸುವ ಅವರು, ಮದುವೆ ಅಥವಾ ಗೃಹಪ್ರವೇಶದ ರಾತ್ರಿ ಸ್ವಲ್ಪ ಕುಡಿದ ಮೇಲೆ ಮಾತ್ರ ಅಂಗಳಕ್ಕೆ ಬಂದು ಆಕಾಶಕ್ಕೆ ಗುಂಡು ಹಾರಿಸುತ್ತಾರೆ. ಮುಂದಿನ ತಿಂಗಳು ನಮ್ಮ ಮನೆಯಲ್ಲೇ ಮದುವೆಯಿದೆ. "ಕೋವಿ ನನ್ನದು, ಲೈಸೆನ್ಸ್ ನನ್ನದು, ಜಾಗ ನನ್ನದು, ಮೇಲಕ್ಕೆ ಹೊಡೆದರೆ ಯಾರಿಗೇನು?" ಎಂಬುದು ಅವರ ವಾದ. ಇದಕ್ಕೆ ಕಾನೂನಿನಲ್ಲಿ ಏನು ಉತ್ತರವಿದೆ, ಇಂತಹ ಸಂದರ್ಭವನ್ನು ನಿಮ್ಮ ಮನೆಗಳಲ್ಲಿ ಹೇಗೆ ನಿಭಾಯಿಸಿದ್ದೀರಿ ಎಂಬುದನ್ನು ತಿಳಿಸಬೇಕಾಗಿ ಕೋರುತ್ತೇನೆ.

ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಕೀಲರೊಬ್ಬರ ಉತ್ತರ

ನಿಮ್ಮ ದೊಡ್ಡಪ್ಪನವರ ನಾಲ್ಕು ಮಾತುಗಳಲ್ಲಿ ಮೊದಲ ಎರಡು ನಿಜ, ಉಳಿದ ಎರಡನ್ನು ಕಾನೂನು ಒಪ್ಪುವುದಿಲ್ಲ. 2019ರ ತಿದ್ದುಪಡಿಯಲ್ಲಿ ಆಯುಧ ಕಾಯ್ದೆಯ 25ನೇ ಕಲಮಿಗೆ ಒಂಬತ್ತನೇ ಉಪಕಲಮನ್ನು ಸೇರಿಸಲಾಯಿತು. ದುಡುಕಿನಿಂದ, ಅಜಾಗರೂಕತೆಯಿಂದ ಅಥವಾ ಸಂಭ್ರಮಕ್ಕಾಗಿ ಇತರರ ಜೀವಕ್ಕೋ ಸುರಕ್ಷತೆಗೋ ಅಪಾಯವಾಗುವಂತೆ ಬಂದೂಕು ಬಳಸಿದವರಿಗೆ ಎರಡು ವರ್ಷಗಳವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ಅದು ವಿಧಿಸುತ್ತದೆ. ಸಂಭ್ರಮದ ಗುಂಡು ಎಂದರೇನೆಂದು ವಿವರಿಸುವಾಗ ಮದುವೆಯ ಸಮಾರಂಭಗಳನ್ನು ಹೆಸರಿಸಿಯೇ ಹೇಳಲಾಗಿದೆ. ಗುಂಡು ಯಾರಿಗಾದರೂ ತಗುಲಿರಬೇಕೆಂದಿಲ್ಲ, ಅಪಾಯವಾಗುವಂತೆ ಹಾರಿಸಿದ್ದರೆ ಸಾಕು. ತಗುಲಿ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷಗಳವರೆಗೆ ಶಿಕ್ಷೆಯಾಗಬಹುದು, ಸಂದರ್ಭ ಇನ್ನೂ ಗಂಭೀರವಾಗಿದ್ದರೆ ಅದು 105ನೇ ಕಲಮಿನ ದಂಡನೀಯ ನರಹತ್ಯೆಯೂ ಆಗಬಹುದು.

ಕುಡಿತದ ವಿಷಯಕ್ಕೆ ಬರೋಣ. ಕುಡಿದು ಗುಂಡು ಹಾರಿಸುವುದನ್ನೇ ಪ್ರತ್ಯೇಕ ಅಪರಾಧವೆಂದು ನಮ್ಮ ಆಯುಧ ಕಾಯ್ದೆ ಹೆಸರಿಸಿಲ್ಲ. ಹಾಗಾಗಿಯೇ ಅನೇಕರು ಅಮಲನ್ನು ಒಂದು ರಕ್ಷಣೆಯೆಂದು ಭಾವಿಸುತ್ತಾರೆ, "ಮೈಮೇಲೆ ಪ್ರಜ್ಞೆಯಿರಲಿಲ್ಲ ಸ್ವಾಮಿ" ಎಂದರೆ ಶಿಕ್ಷೆ ಇಳಿಯುತ್ತದೆಂದು ನಂಬುತ್ತಾರೆ. ಆದರೆ ಸಂಹಿತೆಯ 23 ಮತ್ತು 24ನೇ ಕಲಮುಗಳು, ಅಂದರೆ ಹಳೆಯ ದಂಡ ಸಂಹಿತೆಯ 85 ಮತ್ತು 86, ಈ ನಂಬಿಕೆಗೆ ಆಸ್ಪದ ಕೊಡುವುದಿಲ್ಲ. ಒಬ್ಬರಿಗೆ ತಿಳಿಯದಂತೆ ಅಥವಾ ಅವರ ಇಚ್ಛೆಗೆ ವಿರುದ್ಧವಾಗಿ ಅಮಲು ಪದಾರ್ಥವನ್ನು ಕೊಟ್ಟಿದ್ದರೆ ಮಾತ್ರ ವಿನಾಯಿತಿಯ ಮಾತು ಬರುತ್ತದೆ. ತಾನಾಗಿ ಕುಡಿದವನಿಗೆ, ಕುಡಿಯದಿದ್ದರೆ ಎಷ್ಟು ತಿಳಿವಳಿಕೆ ಇರುತ್ತಿತ್ತೋ ಅಷ್ಟೂ ಇತ್ತೆಂದೇ ನ್ಯಾಯಾಲಯ ಎಣಿಸುತ್ತದೆ.

ಈ ವಿಷಯದಲ್ಲಿ ಇಂದಿಗೂ ಉಲ್ಲೇಖವಾಗುವ 1956ರ ಸುಪ್ರೀಂ ಕೋರ್ಟ್ ತೀರ್ಪು, ಬಾಸದೇವ್ ವಿರುದ್ಧ ಪೆಪ್ಸು ರಾಜ್ಯ (ಅಂದಿನ ಪಟಿಯಾಲ ಮತ್ತು ಪೂರ್ವ ಪಂಜಾಬ್ ಸಂಸ್ಥಾನಗಳ ಒಕ್ಕೂಟ), ಹುಟ್ಟಿದ್ದೂ ಮದುವೆಯೊಂದರ ಊಟದಲ್ಲಿ. ಕುಡಿದಿದ್ದ ಸೇನೆಯ ನಿವೃತ್ತ ಜಮಾದಾರರೊಬ್ಬರು ತಮಗೆ ಅನುಕೂಲವಾದ ಜಾಗ ಬೇಕೆಂದು ಹದಿನೈದು ಹದಿನಾರರ ಹುಡುಗನೊಬ್ಬನಿಗೆ ಸರಿದು ಕೂರಲು ಹೇಳಿದರು. ಅವನು ಸರಿಯದಿದ್ದಾಗ ಪಿಸ್ತೂಲು ತೆಗೆದು ಹೊಟ್ಟೆಗೆ ಹೊಡೆದರು, ಹುಡುಗ ತೀರಿಕೊಂಡ. ಅವರು ಅಲ್ಲಿಂದ ಓಡಲು ಯತ್ನಿಸಿದ್ದನ್ನು ಮತ್ತು ಸಿಕ್ಕಿಬಿದ್ದಾಗ ಕ್ಷಮೆ ಕೇಳಿದ್ದನ್ನು ನ್ಯಾಯಾಲಯ ಗಮನಿಸಿತು, ಅಮಲಿನಲ್ಲಿದ್ದರೂ ಮಾಡಿದ್ದು ಅವರಿಗೆ ತಿಳಿದಿತ್ತೆಂದು ನಿರ್ಧರಿಸಿ ಕೊಲೆಯ ಅಪರಾಧವನ್ನೇ ಎತ್ತಿಹಿಡಿಯಿತು. ಅಮಲು ಮತ್ತು ಪೂರ್ವಯೋಜನೆಯಿಲ್ಲದಿರುವಿಕೆಯಿಂದ ಅವರಿಗೆ ದೊರೆತದ್ದು ಗಲ್ಲಿನ ಬದಲು ಜೀವಾವಧಿ ಶಿಕ್ಷೆ, ಅಷ್ಟೇ. ದೊಡ್ಡಪ್ಪನವರ ಮುಂದೆ ಕಲಮುಗಳನ್ನು ಓದುವುದಕ್ಕಿಂತ ಈ ಪ್ರಕರಣವನ್ನು ಹೇಳಿದರೆ ಹೆಚ್ಚು ಫಲ ಸಿಗಬಹುದೆಂದು ನನಗೆ ತೋರುತ್ತದೆ.

ಕೊಡಗಿನ ಓದುಗರೊಬ್ಬರ ಅನುಭವ

ನಮ್ಮಲ್ಲಿ ಕೋವಿಯಿಲ್ಲದ ಮನೆ ಅಪರೂಪ. ಆಯುಧ ಕಾಯ್ದೆಯ 41ನೇ ಕಲಮಿನಡಿ ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿಯಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದೇ ಹೊರತು ಅದನ್ನು ಹೇಗೆ ಬೇಕಾದರೂ ಬಳಸುವುದಕ್ಕಲ್ಲ. ಹಾಗಾಗಿ ನಮಗೇ ಇಲ್ಲದ ಸ್ವಾತಂತ್ರ್ಯ ನಿಮ್ಮ ದೊಡ್ಡಪ್ಪನವರಿಗೆ ಇರಲಾರದು.

ನಮ್ಮ ಕುಟುಂಬದ ಕ್ರಮವನ್ನು ಹೇಳುತ್ತೇನೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂವನ್ನು ಮುಡಿಸಿ ಪೂಜಿಸುತ್ತೇವೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯೂ ನಡೆಯುತ್ತದೆ. ಸ್ಪರ್ಧೆ ಮುಗಿದ ಕೂಡಲೇ ಕೋವಿಗಳನ್ನು ತೆರೆದು, ನಳಿಗೆ ಖಾಲಿಯಿರುವುದನ್ನು ಇಬ್ಬರು ನೋಡಿ, ಒಳಗಿಟ್ಟು ಬೀಗ ಹಾಕುತ್ತಾರೆ. ಗ್ಲಾಸುಗಳು ಹೊರಗೆ ಬರುವುದು ಆ ನಂತರವೇ. ಮಗು ಹುಟ್ಟಿದಾಗಲೂ ಸಾವು ಸಂಭವಿಸಿದಾಗಲೂ ಗುಂಡು ಹಾರಿಸುವ ಸಂಪ್ರದಾಯ ನಮ್ಮದು, ಆದರೆ ಆ ಕೆಲಸಕ್ಕೆ ಕುಡಿದವರನ್ನು ಯಾವ ಹಿರಿಯರೂ ಕರೆಯುವುದಿಲ್ಲ. ಅಂಗಳದಲ್ಲಿ ಅಮಲಿನಲ್ಲಿರುವವರೊಡನೆ ವಾದಕ್ಕಿಳಿದು ಗೆದ್ದವರನ್ನು ನಾನು ಕಂಡಿಲ್ಲ. ಮಾತನಾಡುವುದಿದ್ದರೆ ಹಿಂದಿನ ವಾರವೇ, ಹಗಲಿನಲ್ಲಿ, ಅವರು ಗೌರವಿಸುವ ಒಬ್ಬರ ಮೂಲಕ ಆಗಬೇಕು.

ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರ ಮಾತು

ವಕೀಲರು ಶಿಕ್ಷೆಯನ್ನು ಹೇಳಿದ್ದಾರೆ, ನಾನು ಪರವಾನಗಿಯ ಬಗ್ಗೆ ಹೇಳುತ್ತೇನೆ. ಹೊಸ ಪರವಾನಗಿಗೆ ಅರ್ಜಿ ಹಾಕುವವರು ತಾವು ಅಮಲು ಅಥವಾ ಮಾದಕ ಪದಾರ್ಥಗಳ ಮೇಲೆ ಅವಲಂಬಿತರಲ್ಲವೆಂಬ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕೆಂದು 2016ರ ಆಯುಧ ನಿಯಮಗಳು ಹೇಳುತ್ತವೆ. ಷರತ್ತು ಮುರಿದವರ ಅಥವಾ ಯಾವುದೇ ಕಾರಣದಿಂದ ಅನರ್ಹರೆಂದು ಕಂಡವರ ಪರವಾನಗಿಯನ್ನು 17ನೇ ಕಲಮಿನಡಿ ಅಮಾನತುಗೊಳಿಸಬಹುದು, ರದ್ದುಪಡಿಸಲೂಬಹುದು, ಅದಕ್ಕೆ ನ್ಯಾಯಾಲಯದ ತೀರ್ಪಿಗಾಗಿ ಕಾಯಬೇಕಾಗಿಲ್ಲ. ಬೆಳೆ ಕಾಯಲೆಂದು ಕೊಟ್ಟ ಕೋವಿ ಮದುವೆಯಲ್ಲಿ ಸಿಡಿಯಿತೆಂದರೆ ಅಧಿಕಾರಿಗಳು ಮೊದಲು ಕೇಳುವುದು ಆ ಉದ್ದೇಶದ ಪ್ರಶ್ನೆಯನ್ನೇ. ಹಂದಿ, ಕೋತಿಗಳ ಕಾಟವಿರುವ ತೋಟದವರಿಗೆ ಕೋವಿ ಹೋಗುವುದು ಸಣ್ಣ ನಷ್ಟವಲ್ಲ, ಸೆರೆವಾಸಕ್ಕೆ ಅಂಜದವರೂ ಈ ಮಾತಿಗೆ ಕಿವಿಗೊಡುವುದನ್ನು ನಾನು ಕಂಡಿದ್ದೇನೆ.

ಕುಡಿದಿದ್ದರೆಂದು ಹೇಗೆ ಸಾಬೀತುಪಡಿಸುತ್ತಾರೆ ಎಂದು ಕೆಲವರು ಕೇಳುವುದುಂಟು. ವಾಹನ ಚಾಲಕರಿಗೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಮಿತಿಯಿದ್ದಂತೆ ಕೋವಿ ಹಿಡಿದವರಿಗೆ ಅಂಕಿಯ ಮಿತಿಯಿಲ್ಲ. ಆದರೆ ಬಂಧಿತರ ರಕ್ತಪರೀಕ್ಷೆ ಮಾಡಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 51ನೇ ಕಲಮು ಅವಕಾಶ ಕೊಡುತ್ತದೆ. ಇತ್ತೀಚಿನ ಮದುವೆಗಳಲ್ಲಂತೂ ಎಲ್ಲರ ಕೈಯಲ್ಲೂ ಮೊಬೈಲ್ ಕ್ಯಾಮೆರಾ ಇರುವುದರಿಂದ ಸಾಕ್ಷಿಗೆ ಬೇರೆ ಕಡೆ ಹುಡುಕಬೇಕಾಗಿಲ್ಲ.

ಯಾರೂ ಗಮನಿಸದ ಇನ್ನೊಂದು ಅಪಾಯವಿದೆ. ದೊಡ್ಡಪ್ಪನವರು ಒಂದು ಗುಂಡು ಹಾರಿಸಿದ ಮೇಲೆ "ನನಗೂ ಒಂದು ಕೊಡಿ" ಎಂದು ಕೈಚಾಚುವ ಭಾವನೋ ತಮ್ಮನ ಮಗನೋ ಇದ್ದೇ ಇರುತ್ತಾರೆ. ಪರವಾನಗಿಯಿಲ್ಲದೆ ಬಂದೂಕು ಹಿಡಿದವರಿಗೆ 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಕನಿಷ್ಠ ಎರಡು, ಗರಿಷ್ಠ ಐದು ವರ್ಷಗಳ ಸೆರೆವಾಸವಿದೆ. ಅಂದರೆ ಆ ಹುಡುಗನಿಗೆ ಒದಗುವ ಶಿಕ್ಷೆ ಸಂಭ್ರಮದ ಗುಂಡಿನ ಶಿಕ್ಷೆಗಿಂತಲೂ ಕಠಿಣ. ಕೊಟ್ಟವರೂ ತಪ್ಪಿಸಿಕೊಳ್ಳಲಾರರು.

ವೈದ್ಯರೊಬ್ಬರ ಸಣ್ಣ ಸೇರ್ಪಡೆ

ಅಮಲೆಂದರೆ ಮದ್ಯ ಮಾತ್ರವಲ್ಲ. ನಿದ್ರೆಯ ಮಾತ್ರೆ, ಆತಂಕ ತಗ್ಗಿಸುವ ಮಾತ್ರೆ, ತೂಕಡಿಕೆ ತರುವ ಕೆಲವು ಅಲರ್ಜಿ ಔಷಧಿಗಳು ಎರಡು ಪೆಗ್ಗಿನ ಜೊತೆ ಸೇರಿದಾಗ ನಾಲ್ಕು ಪೆಗ್ಗಿನಷ್ಟು ಕೈಕೊಡಬಲ್ಲವು. ವಯಸ್ಸಾದವರು ಇವನ್ನು ಕುಡಿತದೊಡನೆ ಲೆಕ್ಕಕ್ಕೇ ಹಿಡಿಯುವುದಿಲ್ಲವಾದ್ದರಿಂದ, ದೊಡ್ಡಪ್ಪನವರು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಂದು ಕೇಳಿ ತಿಳಿದುಕೊಳ್ಳಿ.

ವಿದೇಶದಲ್ಲಿ ನೆಲೆಸಿರುವ ಓದುಗರೊಬ್ಬರು

ಕೆಲವು ದೇಶಗಳಲ್ಲಿ ಕಾನೂನು ಇದನ್ನು ನೇರವಾಗಿಯೇ ಹೆಸರಿಸುತ್ತದೆ. ಅಮೆರಿಕದ ಓಹಿಯೋ ರಾಜ್ಯದಲ್ಲಿ ಮದ್ಯ ಅಥವಾ ಮಾದಕ ವಸ್ತುವಿನ ಪ್ರಭಾವದಲ್ಲಿರುವಾಗ ಬಂದೂಕನ್ನು ಬಳಸುವುದಷ್ಟೇ ಅಲ್ಲ, ಒಯ್ಯುವುದೂ ಅಪರಾಧ. ಇಂಗ್ಲೆಂಡಿನ 1872ರ ಕಾಯ್ದೆಯೊಂದು ಕುಡಿದು ಕುದುರೆ, ದನ ಅಥವಾ ಹಬೆಯಂತ್ರವನ್ನು ನಡೆಸುವವರ ಸಾಲಿನಲ್ಲೇ ಕುಡಿದು ಗುಂಡು ತುಂಬಿದ ಬಂದೂಕು ಇಟ್ಟುಕೊಂಡವರನ್ನೂ ಸೇರಿಸಿತ್ತು. ಹಬೆಯಂತ್ರಗಳ ಕಾಲದಲ್ಲೇ ಅವರಿಗೆ ಹೊಳೆದದ್ದನ್ನು ನಮ್ಮ ಕಾಯ್ದೆಯೂ ಸ್ಪಷ್ಟವಾಗಿ ಬರೆದುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಮಲೆನಾಡಿನ ಗೃಹಿಣಿಯೊಬ್ಬರು

ನಮ್ಮ ಮಾವನವರದೂ ಇದೇ ಹವ್ಯಾಸವಾಗಿತ್ತು. ಮೈದುನನ ಮದುವೆಗೆ ಮೊದಲು ಕೋವಿಯನ್ನು ಪರವಾನಗಿ ಪಡೆದ ಆಯುಧ ವ್ಯಾಪಾರಿಯ ಬಳಿ ಸುರಕ್ಷಿತವಾಗಿಡಲು ಕೊಟ್ಟು ರಸೀದಿ ಪಡೆಯುವಂತೆ ನಾವು ಅವರನ್ನೇ ಒಪ್ಪಿಸಿದೆವು. ಮನೆ ತುಂಬ ನೆಂಟರಿರುವಾಗ ಕೋವಿಯನ್ನು ಕಾಯುವವರು ಯಾರು, ಕಳುವಾದರೆ ಹೊಣೆ ಯಾರದು ಎಂದು ಕೇಳಿದಾಗ ಅವರೇ ಯೋಚಿಸಿ ಹೊರಟರು. ಕುಡಿತದ ಮಾತನ್ನು ಯಾರೂ ಎತ್ತಲಿಲ್ಲ, ಆದ್ದರಿಂದ ಅವರ ಮರ್ಯಾದೆಗೂ ಕುಂದು ಬರಲಿಲ್ಲ. ಬೀಗದ ಕೈಯನ್ನು ಮನೆಯ ಬೇರೆಯವರು ಇಟ್ಟುಕೊಂಡರೆ ಕೋವಿ ಯಾರ ಸ್ವಾಧೀನದಲ್ಲಿತ್ತೆಂಬ ಹೊಸ ತಕರಾರು ಹುಟ್ಟುತ್ತದೆಂದು ಪರಿಚಿತರೊಬ್ಬರು ಎಚ್ಚರಿಸಿದ್ದರಿಂದ ಆ ದಾರಿಗೆ ನಾವು ಹೋಗಲಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ವ್ಯಾಪಾರಿಯ ಬಳಿ ಇಡುವ ಸಲಹೆಯನ್ನು ಅತ್ತೆಯವರ ಮೂಲಕ ಮುಂದಿಡುತ್ತೇನೆ. ಒಂದೇ ಸಂದೇಹ ಉಳಿದಿದೆ: ಸುತ್ತ ಯಾರೂ ಇಲ್ಲದ ತಮ್ಮದೇ ತೋಟದ ನಡುವೆ ಹಾರಿಸಿದರೆ?

ವಕೀಲರು

ಇತರರ ಸುರಕ್ಷತೆಗೆ ಅಪಾಯವಾಗಿತ್ತೆಂದು ತೋರಿಸಲಾಗದಿದ್ದರೆ ಒಂಬತ್ತನೇ ಉಪಕಲಮಿನಡಿ ಶಿಕ್ಷೆಯಾಗುವುದು ಕಷ್ಟ, ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೂ ಷರತ್ತಿನ ಉಲ್ಲಂಘನೆಗೆ 30ನೇ ಕಲಮಿನಡಿ ಆರು ತಿಂಗಳವರೆಗಿನ ಸೆರೆವಾಸ ಅಥವಾ ದಂಡದ ಸಾಧ್ಯತೆ ಉಳಿಯುತ್ತದೆ, ಪರವಾನಗಿ ರದ್ದಾಗುವ ಸಾಧ್ಯತೆಯೂ ಹಾಗೆಯೇ ಇರುತ್ತದೆ. ಕತ್ತಲಲ್ಲಿ, ಅಮಲಿನಲ್ಲಿ, ತೋಟದಲ್ಲಿ ಯಾರೂ ಇಲ್ಲವೆಂದು ಖಾತ್ರಿಪಡಿಸಿಕೊಂಡದ್ದು ಹೇಗೆ ಎಂಬ ಪ್ರಶ್ನೆಗೆ ನ್ಯಾಯಾಲಯದಲ್ಲಿ ಉತ್ತರಿಸಬೇಕಾದವರೂ ಅವರೇ.